ಪಾಸ್‌ವರ್ಡ್ ಕೇಳದ ಜಾಗ

ನಮ್ಮ ಸಹಕಾರ ಸಂಘದ ಕಂಪ್ಯೂಟರಿನ ಮೇಲೆ ನನಗಿದ್ದದ್ದು ಅರ್ಧ ಅಧಿಕಾರ. ಬೆಳಿಗ್ಗೆ ಅದನ್ನು ಚಾಲೂ ಮಾಡಬಹುದು, ನನ್ನ ಹೆಸರಿನ ಖಾತೆಯೊಳಗೆ ಹೋಗಬಹುದು, ರೈತರ ಹೆಸರು ತುಂಬಬಹುದು, ಚೀಟಿ ಮುದ್ರಿಸಿ ಕೊಡಬಹುದು. ಅದಕ್ಕಿಂತ ಹೆಚ್ಚಿನದೇನಾದರೂ ಮುಟ್ಟಿದರೆ ಪರದೆ ಮಬ್ಬಾಗಿ, ನಡುವೆ ಒಂದು ಪೆಟ್ಟಿಗೆ ಮೂಡಿ, ಮೇಲಿನವರ ಪಾಸ್‌ವರ್ಡ್ ಕೇಳುತ್ತಿತ್ತು. ಆ ಪಾಸ್‌ವರ್ಡ್ ಕಲಬುರಗಿಯ ಎಂಜಿನಿಯರರ ಹತ್ತಿರ ಇತ್ತು. ಹಾಗೆ ಪಾಸ್‌ವರ್ಡ್ ಕೇಳುವ ಜಾಗಗಳ ಪಕ್ಕದಲ್ಲಿ ಹಳದಿ-ನೀಲಿ ಬಣ್ಣದ ಸಣ್ಣದೊಂದು ಗುರಾಣಿಯ ಚಿತ್ರ ಇರುತ್ತದೆ. ನಾನು ಹೇಳಹೊರಟಿರುವುದು ಆ ಗುರಾಣಿ ಇಲ್ಲದ ಒಂದು ಜಾಗದ ಬಗ್ಗೆ. ಅಲ್ಲಿ ನಾನು ಮಾಡಿದ ತಪ್ಪಿನಿಂದ ಒಬ್ಬ ಮನುಷ್ಯ ತನ್ನ ಕಸುಬು ಕಳೆದುಕೊಂಡ. ತಪ್ಪು ಮಾಡಿದಾಗ ನನಗೆ ಗೊತ್ತಿರಲಿಲ್ಲ. ಮುಚ್ಚಿಟ್ಟಾಗ ಗೊತ್ತಿತ್ತು.

ಚಿತ್ತಾಪುರ ತಾಲೂಕಿನಲ್ಲಿ, ಕಾಗಿಣಾ ದಂಡೆಗೆ ಹತ್ತಿರದ ಊರು ನಮ್ಮದು. ಊರಿನ ಹೆಸರು ಬರೆಯುವುದಿಲ್ಲ; ಬರೆದರೆ ಉಳಿದವರ ಹೆಸರನ್ನೂ ಬರೆದಂತೆ ಆಗುತ್ತದೆ. ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಟೈಪಿಂಗ್ ಕಲಿತು ಸಂಘಕ್ಕೆ ಗುಮಾಸ್ತನಾಗಿ ಸೇರಿದ್ದೆ. ನಿವೃತ್ತಿಯಾದ ಮೇಲೂ ಕಂಪ್ಯೂಟರ್ ಬರುತ್ತದೆಂದು ಕಾರ್ಯದರ್ಶಿಗಳು ನನ್ನನ್ನು ಇಟ್ಟುಕೊಂಡರು. ಗುಡಿ ಪೂಜೆ, ಮಾಸ್ತರಿಕೆ, ಕಚೇರಿ ಎಂದು ಬೆಳೆದ ಮನೆತನ ನಮ್ಮದು. ಎಲ್ಲರೂ ನನ್ನನ್ನು ರಾಯರು ಎನ್ನುತ್ತಾರೆ. ಈ ಮಾತು ಯಾಕೆ ಹೇಳಿದೆನೆಂದು ಮುಂದೆ ತಿಳಿಯುತ್ತದೆ.

ಹೋದ ವರ್ಷದ ತೊಗರಿ ಹಂಗಾಮು. ಸರಕಾರಿ ದರಕ್ಕೆ ತೊಗರಿ ಕೊಡಬೇಕೆಂದರೆ ರೈತರು ಮೊದಲು ನಮ್ಮಲ್ಲಿ ಹೆಸರು ನೋಂದಾಯಿಸಬೇಕು. ಪಹಣಿ, ಆಧಾರ್ ತರಬೇಕು, ಹೆಬ್ಬೆಟ್ಟು ಒತ್ತಬೇಕು. ಎಲ್ಲವೂ ನೆಟ್ ಮೇಲೆ. ನೋಂದಣಿಗೆ ಕೆಲವೇ ದಿನ ಉಳಿದಿದ್ದಾಗ ದಂಡೋತಿ ರಸ್ತೆಯಲ್ಲಿ ಮಣ್ಣು ಅಗೆಯುತ್ತಿದ್ದ ಜೆಸಿಬಿ ನಮ್ಮ ನೆಟ್ ಲೈನನ್ನು ಕಡಿದು ಹಾಕಿತು.

ಕಾರ್ಯದರ್ಶಿಗಳು ಒಳಗೆ ಬಂದು ಬಾಗಿಲು ಅರ್ಧ ಮುಚ್ಚಿದರು.

"ರಾಯರ, ಹೊರಗ ಪಾಳಿ ನೋಡೀರೇನು? ಇವತ್ತ ನೆಟ್ ಇಲ್ಲಂದ್ರ ನನ್ನ ಅಂಗಿ ಹರೀತಾರ."

"ಲೈನ್‌ಮನ್‌ಗ ಫೋನ್ ಮಾಡೀನ್ರಿ ಸಾಹೇಬ್ರ. ಅಗದ ಕಡೆ ಹೋಗ್ಯಾನ. ನಾಳಿ ಆಗ್ತದಂತ."

"ನಾಳಿ ತನಕ ನನ್ನ ಅಂಗಿ ಉಳೀಬೇಕಲ್ರಿ."

ನಮ್ಮ ಗೋಡೆಗೆ ಗೋಡೆ ಹತ್ತಿದ್ದು ಹೈಸ್ಕೂಲು. ಅವರ ನೆಟ್ ಬೇರೆ ಕಡೆಯಿಂದ ಬರುತ್ತದೆ. ಹೆಡ್ಮಾಸ್ತರನ್ನು ಕೇಳಿಕೊಂಡು ಅವರ ಕಂಪ್ಯೂಟರ್ ಕೋಣೆಯ ಕಿಟಕಿಯಿಂದ ನಮ್ಮ ಕಿಟಕಿಗೆ ಉದ್ದನೆಯ ತಂತಿ ಎಳೆಸಿದೆ. ತಂತಿ ಚುಚ್ಚಿದರೂ ಪುಟ ತೆರೆಯಲಿಲ್ಲ. ಅಲ್ಲಿನ ಕಂಪ್ಯೂಟರ್ ಮಾಸ್ತರರು ಕಿಟಕಿಯಲ್ಲಿ ನಿಂತು ಹೇಳಿದರು:

"ನಮ್ಮ ನೆಟ್ ಸೀದಾ ಹೊರಗ ಹೋಗಂಗಿಲ್ರಿ ರಾಯರ. ಹುಡುಗ್ರು ಏನೇನರ ನೋಡ್ತಾವಂತ ನಡುವ ಒಂದು ಮಷಿನ್ ಕೂಡಿಸೀವಿ. ಪ್ರಾಕ್ಸಿ ಅಂತಾರ. ಅದರ ನಂಬರ್ ಹಾಕ್ರಿ, ಬರತದ."

ನಾನು ನೆಟ್ಟಿನ ಸೆಟ್ಟಿಂಗ್ ತೆಗೆದೆ. ಅಲ್ಲೊಂದು ಚೌಕ. ಅದರಲ್ಲಿ ಟಿಕ್ ಹಾಕಿದರೆ ಕೆಳಗೆ ನಂಬರ್ ಬರೆಯಲು ಜಾಗ ತೆರೆಯಿತು. ಗುರಾಣಿಯ ಚಿತ್ರ ಇರಲಿಲ್ಲ, ಪಾಸ್‌ವರ್ಡ್ ಕೇಳಲಿಲ್ಲ. ಮಾಸ್ತರರು ಹೇಳಿದ ನಂಬರ್ ಬರೆದೆ. ಆ ಟಿಕ್ಕಿನ ಅರ್ಥ ಇಷ್ಟೇ: ಇನ್ನು ಮೇಲೆ ಎಲ್ಲಿಗೆ ಹೋಗುವುದಿದ್ದರೂ ಮೊದಲು ಶಾಲೆಯ ಆ ಯಂತ್ರಕ್ಕೆ ಹೋಗಿ, ಅದರ ಕೈಯಿಂದ ಮುಂದೆ ಹೋಗು. ಪುಟ ತೆರೆಯಿತು. ಕಾರ್ಯದರ್ಶಿಗಳು ಬಾಗಿಲು ಪೂರ್ತಿ ತೆಗೆದು, ಹೊರಗೆ ಸಾಲುಗಟ್ಟಿ ನಿಂತ ಪಾಳಿಗೆ ಕೇಳುವಂತೆ ಹೇಳಿದರು:

"ಕಲಬುರಗಿ ಎಂಜಿನಿಯರ್ ಬ್ಯಾಡ, ವಾಡಿ ಲೈನ್‌ಮನ್ ಬ್ಯಾಡ. ನಮ್ಮ ರಾಯರೇ ಸಾಕು."

ಪಾಳಿಯಲ್ಲಿದ್ದವರು ನಕ್ಕರು, ಒಬ್ಬಿಬ್ಬರು ಚಪ್ಪಾಳೆಯನ್ನೂ ಹೊಡೆದರು. ಆ ದಿನವಿಡೀ ನನ್ನ ಬೆನ್ನು ನೆಟ್ಟಗಿತ್ತು.

ಲೈನ್‌ಮನ್ ಮರುದಿನವೇ ಕಡಿದ ಜಾಗ ಹುಡುಕಿ ಜೋಡಿಸಿದ. ಅವನು ನಮ್ಮೂರಿನವನೇ, ಬುದ್ಧ ವಿಹಾರದ ಹಿಂದಿನ ಓಣಿಯವನು. ಮೂವತ್ತೈದು ದಾಟಿರಬಹುದು. ವಾಡಿಯ ಗುತ್ತಿಗೆದಾರರ ಕೈಕೆಳಗೆ ಈ ಕಡೆಯ ಹಳ್ಳಿಗಳ ಲೈನು ನೋಡುತ್ತಿದ್ದ. ಅವನ ಕೆಲಸವನ್ನು ನಾನು ಒಮ್ಮೆ ರಸ್ತೆ ಬದಿಯಲ್ಲಿ ನಿಂತು ನೋಡಿದ್ದೇನೆ. ಕೇಬಲ್ಲಿನ ಒಳಗೆ ಇರುವುದು ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆ. ಅದರ ಸಿಪ್ಪೆ ತೆಗೆದು, ಒರೆಸಿ, ತುದಿ ಸಮವಾಗಿ ಕತ್ತರಿಸಿ, ಎರಡು ತುದಿಗಳನ್ನು ಒಂದು ಸಣ್ಣ ಯಂತ್ರದಲ್ಲಿ ಎದುರುಬದುರು ಇಟ್ಟು ಕರಗಿಸಿ ಕೂಡಿಸಬೇಕು. ಒಂದು ಕಣ ಧೂಳು ಕೂತರೆ ಕೂಡುವುದಿಲ್ಲ. ನಮ್ಮ ಕಡೆ ಧೂಳಿಗೆ ಏನು ಬರ. ಅವನು ಗುಂಡಿಯಲ್ಲಿ ಕೂತು ತಲೆ, ಯಂತ್ರ ಎರಡರ ಮೇಲೂ ಟವೆಲ್ ಹೊದ್ದುಕೊಂಡು, ಉಸಿರು ಹಿಡಿದು ಆ ಕೆಲಸ ಮಾಡುತ್ತಿದ್ದ.

ಲೈನು ಬಂತೆಂದು ಅವನು ಹೇಳಿ ಹೋದ ಮೇಲೆ ನಾನು ಶಾಲೆಯ ತಂತಿ ಕಿತ್ತು ವಾಪಸ್ ಕೊಟ್ಟೆ. ನಮ್ಮ ತಂತಿ ಚುಚ್ಚಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ದಪ್ಪ ಅಕ್ಷರ ಬಂತು: ಇಂಟರ್‌ನೆಟ್ ಇಲ್ಲ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು. ಅದನ್ನು ನಾನು ಓದಲಿಲ್ಲ. ದಪ್ಪ ಅಕ್ಷರ ಓದಿದ ಕೂಡಲೇ ಫೋನ್ ಎತ್ತಿಕೊಂಡೆ.

ಅವನು ತಿರುಗಿ ಬಂದ. ಗೋಡೆಯ ಮೇಲಿನ ಡಬ್ಬಿ ನೋಡಿದ, ಹಸಿರು ದೀಪ ಉರಿಯುತ್ತಿತ್ತು. ಎಳೆಯನ್ನು ಬಿಚ್ಚಿ ತನ್ನ ಅಂಗೈ ಅಗಲದ ಮೀಟರಿಗೆ ಹಚ್ಚಿ ನೋಡಿದ.

"ಬೆಳಕು ಬರಾಕತ್ತದ್ರಿ ರಾಯರ. ಇಲ್ಲೀತನಕ ಲೈನ್ ಸಮ ಅದ."

ಪಾಳಿಯಿಂದ ಯಾರೋ ಕೂಗಿದರು: "ಬೆಳಕು ಬರಾಕತ್ತದಂತ! ನಾವೇ ಕುರುಡರು ಹಂಗಾದ್ರ!"

ಎಲ್ಲರೂ ನಕ್ಕರು. ಅವನೂ ಸ್ವಲ್ಪ ನಕ್ಕ. ಆಮೇಲೆ ನನ್ನ ಕುರ್ಚಿಯ ಹತ್ತಿರ ಬಂದು ದನಿ ತಗ್ಗಿಸಿದ.

"ನಿಮ್ಮ ಮಷಿನ್‌ನಾಗ ಏನರ ಸೆಟ್ಟಿಂಗ್ ಇರಬೇಕ್ರಿ. ಜರಾ ಕುಂತು ನೋಡ್ಲೇನು?"

"ಇದೇ ಮಷಿನ್ ನಿನ್ನಿ ಚಲೋ ನಡದದ. ನಿನ್ನ ಲೈನ್ ಹಚ್ಚಿದ ಮ್ಯಾಲೇ ಬಂದ್ ಆತು. ಈಗ ಮಷಿನ್ ಕೆಟ್ಟದಂತೀ?"

"ಕೆಟ್ಟದಂತ ಅನ್ನಂಗಿಲ್ರಿ. ಒಂದು ಸಲ ನೋಡಿದ್ರ..."

"ಇದು ನನ್ನ ಖಾತೆ. ಬ್ಯಾರೆಯವರು ಮುಟ್ಟೂಹಂಗಿಲ್ಲ. ರೂಲ್ ಅದ."

ರೂಲು ಇದ್ದದ್ದು ನಿಜ. ಎಂಜಿನಿಯರರು ಅದನ್ನು ಬರೆದು ಗೋಡೆಗೆ ಅಂಟಿಸಿದ್ದರು. ಆದರೆ ಅದಕ್ಕೆ ಹಿಂದಿನ ವಾರವೇ ಕಾರ್ಯದರ್ಶಿಗಳ ಅಳಿಯ ಅದೇ ಕುರ್ಚಿಯಲ್ಲಿ, ನನ್ನದೇ ಖಾತೆಯಲ್ಲಿ, ಅರ್ಧ ದಿನ ಕ್ರಿಕೆಟ್ ನೋಡಿದ್ದ. ನಾನೇ ಚಹಾ ತರಿಸಿಕೊಟ್ಟಿದ್ದೆ. ಆಗ ರೂಲು ನೆನಪಾಗಿರಲಿಲ್ಲ. ಲೈನ್‌ಮನ್ ಕುರ್ಚಿಯ ಬೆನ್ನಿಗೆ ಕೈ ಚಾಚಿದಾಗ ನೆನಪಾಯಿತು. ಅವನ ವಯಸ್ಸಿನವರೇ ಆದ ಎಂಜಿನಿಯರರಿಗೆ ನಾನು 'ರೀ' ಹಚ್ಚಿ ಮಾತಾಡುತ್ತಿದ್ದೆ, ಅವನಿಗೆ ಎಂದೂ ಹಚ್ಚಿರಲಿಲ್ಲ. ನಾನು ಸಂಘದಲ್ಲಿದ್ದ ಇಷ್ಟು ವರ್ಷಗಳಲ್ಲಿ ಆ ಓಣಿಯ ಒಬ್ಬರೂ ಒಳಗಿನ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಯಾರೂ ಬೇಡವೆಂದಿರಲಿಲ್ಲ, ಯಾರೂ ಕೂಡೆಂದೂ ಅಂದಿರಲಿಲ್ಲ. ಅವನು ಕೈ ಹಿಂದೆ ತೆಗೆದುಕೊಂಡು "ಆತ್ರಿ" ಎಂದು ಹೋದ.

ಅವನನ್ನು ಎರಡು ನಿಮಿಷ ಕೂಡಿಸಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಆಮೇಲೆ ನಾನು ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದೆ. ತಂತಿ ಬದಲಿಸಿದೆ. ಗೋಡೆಯ ಡಬ್ಬಿಯ ಕರೆಂಟ್ ತೆಗೆದು, ತಡೆದು, ಹಾಕಿದೆ. ಶಾಲೆಯ ತಂತಿಯನ್ನು ಮತ್ತೆ ಕೇಳಿದರೆ, ಹುಡುಗರ ಪರೀಕ್ಷೆ ಇದೆ, ಇನ್ನು ಕೊಡಲಾಗದು ಎಂದರು. ನೆಟ್ಟಿನ ಕಾರ್ಡನ್ನು ಬಂದ್ ಮಾಡಿ ಚಾಲೂ ಮಾಡಲು ಹೋದೆ. ಪರದೆ ಮಬ್ಬಾಗಿ ಪಾಸ್‌ವರ್ಡ್ ಕೇಳಿತು. ಎಲ್ಲವನ್ನೂ ಮೊದಲಿನಂತೆ ಮಾಡುವ ಗುಂಡಿ ಒತ್ತಿದೆ, ಪಾಸ್‌ವರ್ಡ್. ಹೊಸ ವಿಳಾಸ ಕೊಡಲು ನೋಡಿದೆ; ಪಾಸ್‌ವರ್ಡ್. ಪ್ರತಿ ಸಲವೂ ಪಾಳಿಯ ಕಡೆ ತಿರುಗಿ "ನನ್ನ ಕೈಯಾಗ ಇಲ್ಲಪ್ಪಾ, ಪಾಸ್‌ವರ್ಡ್ ಕಲಬುರಗಿಯಾಗ ಅದ" ಎನ್ನುತ್ತಿದ್ದೆ. ಹಾಗೆ ಹೇಳುವುದರಲ್ಲಿ ಒಂದು ಸುಖವಿತ್ತು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ತಪ್ಪು ಗುರಾಣಿ ಇರುವ ಜಾಗದಲ್ಲೇ ಇರಬೇಕೆಂದು ನಾನು ನಂಬಿದ್ದೆ. ನನ್ನ ಕೈಗೆ ಬಿಟ್ಟುಕೊಟ್ಟ ಜಾಗಗಳಿಂದ ಏನೂ ಕೆಡಲಾರದು ಎಂದುಕೊಂಡಿದ್ದೆ.

ಎಂಜಿನಿಯರರಿಗೆ ಫೋನ್ ಮಾಡಿದೆ. ಅವರು ಚಿಂಚೋಳಿಯ ಕಡೆ ಇನ್ನೊಂದು ಸಂಘದಲ್ಲಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಕಪ್ಪು ಕಿಟಕಿ ತೆಗೆದು ಒಂದು ಸಾಲು ಬರೆಯಲು ಹೇಳಿದರು. ಅದು ಹೊರಗಿನ ಒಂದು ಯಂತ್ರವನ್ನು ಕರೆದು, ಓಗೊಟ್ಟಿತೋ ಇಲ್ಲವೋ ತಿಳಿಸುತ್ತದೆ.

"ಜವಾಬ್ ಬರಾಕತ್ತಾವೇನ್ರಿ?"

"ಬರಾಕತ್ತಾವ್ರಿ. ಒಂದರ ಕೆಳಗೊಂದು ಬರಾಕತ್ತಾವ."

"ಹಂಗಾದ್ರ ಲೈನ್ ಸಮ ಅದ. ನಿಮ್ಮ ಖಾತೆದಾಗ ಏನೋ ಆಗ್ಯದ. ಇಲ್ಲಿ ಕೆಲಸ ಮುಗಿಸಿ ಬರತೀನಿ, ಅಲ್ಲೀತನಕ ಏನೂ ಮುಟ್ಟಬ್ಯಾಡ್ರಿ."

ಫೋನ್ ಇಟ್ಟಾಗ ಕಾರ್ಯದರ್ಶಿಗಳು ಎದುರಿಗೇ ನಿಂತಿದ್ದರು.

"ಏನಂತಾರ?"

"ಬಂದು ನೋಡತಾರಂತ್ರಿ."

"ಲೈನೋ, ಮಷಿನ್ನೋ?"

"ಬಂದ ಮ್ಯಾಲೇ ಹೇಳತಾರಂತ್ರಿ."

ಇದು ನನ್ನ ಮೊದಲ ಸುಳ್ಳು. ಲೈನ್ ಸರಿ ಇದೆ ಎಂದು ಎಂಜಿನಿಯರರು ಹೇಳಿದ ಮಾತನ್ನು ನಾನು ನುಂಗಿದೆ. ಪಾಳಿಯ ಎದುರು ಲೈನ್‌ಮನ್‌ನನ್ನು ಗದರಿಸಿ ಕಳಿಸಿದ್ದೆನಲ್ಲ, ಅದನ್ನು ವಾಪಸ್ ತೆಗೆದುಕೊಳ್ಳಲು ನಾಲಿಗೆ ಏಳಲಿಲ್ಲ.

ಪಾಳಿಯಲ್ಲಿ ದಿನವೂ ಬರುತ್ತಿದ್ದವರಲ್ಲಿ ಲೈನ್‌ಮನ್‌ನ ಓಣಿಯ ಒಬ್ಬ ಹೆಣ್ಣುಮಗಳು ಇದ್ದಳು. ಗಂಡನಿಲ್ಲ. ಎರಡು ಎಕರೆ ತೊಗರಿ ತಾನೇ ಹರಗಿ, ತಾನೇ ಕೊಯ್ದು, ಬಡಿದಿದ್ದಳು. ಪ್ಲಾಸ್ಟಿಕ್ ಚೀಲದಲ್ಲಿ ಪಹಣಿ ಸುತ್ತಿಕೊಂಡು ಬಾಗಿಲ ಬಳಿ ಕೂಡುತ್ತಿದ್ದಳು.

"ಯಪ್ಪಾ, ಇವತ್ತರ ಆಗ್ತದೇನು?"

"ಲೈನ್ ಬಂದ್ರ ಆಗ್ತದ, ಯವ್ವಾ."

"ನಮ್ಮ ಓಣಿ ಹುಡುಗ ಸಮ ಅದ ಅಂತಾನಲ್ಲ?"

"ಅವಗೇನು ಗೊತ್ತಾಗ್ತದ? ಗುಂಡಿ ಅಗಿಯಾವ."

ಈ ಮಾತು ನಾನು ಆಡಿದ್ದೇನೆ. ಬರೆದು ಒಪ್ಪಿಸುತ್ತಿದ್ದೇನೆ.

ನೋಂದಣಿಯ ಕೊನೆಯ ದಿನ ಬಂತು. ಕಾರ್ಯದರ್ಶಿಗಳು ಬೆಳಿಗ್ಗೆಯೇ ವಾಡಿಯ ಗುತ್ತಿಗೆದಾರರಿಗೆ ಫೋನ್ ಮಾಡಿ ಬೈದಿದ್ದರು. ಲೈನ್ ಕೆಡಿಸಿ ಸಮ ಅದ ಎಂದು ಸುಳ್ಳು ಹೇಳುತ್ತಾನೆ, ಇಂಥವನನ್ನು ಯಾಕೆ ಇಟ್ಟೀರಿ ಎಂದಿದ್ದರು. ಮಧ್ಯಾಹ್ನ ಅವರು ಊಟಕ್ಕೆ ಹೋಗುವಾಗ, ತಮ್ಮ ಖಾತೆಯಲ್ಲಿ ಗೋದಾಮಿನ ಒಂದು ಹಳೆಯ ಪತ್ರವಿದೆ, ಮುದ್ರಿಸಿ ಇಡಿ ಎಂದರು. ಅದೇ ಕಂಪ್ಯೂಟರಿನಲ್ಲಿ ಅವರ ಹೆಸರಿನದೂ ಒಂದು ಖಾತೆ ಇತ್ತು. ಅದೂ ನನ್ನದರಂತೆ ಅರ್ಧ ಅಧಿಕಾರದ್ದೇ. ಅವರು ಎಂದೂ ಅದರಲ್ಲಿ ಕೂತವರಲ್ಲ.

ನನ್ನ ಖಾತೆಯಿಂದ ಹೊರಬಂದು ಅವರ ಖಾತೆಗೆ ಹೋದೆ. ಪತ್ರ ತೆಗೆದೆ. ಮುದ್ರಣದ ಯಂತ್ರ ಬಿಸಿಯಾಗುವವರೆಗೆ ಕೈ ಅಭ್ಯಾಸದಂತೆ ನೆಟ್ ಒತ್ತಿತು. ಪುಟ ತೆರೆಯಿತು. ನೋಂದಣಿಯ ಪುಟವೂ ತೆರೆಯಿತು.

ಅದೇ ಲೈನು. ಅದೇ ಯಂತ್ರ, ಅದೇ ತಂತಿ. ಅವರ ಖಾತೆಯಲ್ಲಿ ನೆಟ್ ಇದೆ, ನನ್ನದರಲ್ಲಿ ಇಲ್ಲ. ಅವರ ಸೆಟ್ಟಿಂಗ್ ತೆಗೆದು ಒಂದೊಂದೇ ನೋಡಿಕೊಂಡು, ನನ್ನ ಖಾತೆಗೆ ಮರಳಿ ಅದೇ ಪುಟ ತೆಗೆದೆ. ಟಿಕ್ ಹಾಗೇ ಇತ್ತು. ಶಾಲೆಯ ತಂತಿ ಕಿತ್ತು ಕೊಟ್ಟವನು ನಾನು. ಶಾಲೆಯ ನಂಬರ್ ತೆಗೆಯಲು ಮರೆತವನೂ ನಾನೇ. ನನ್ನ ಖಾತೆ ಅಷ್ಟೂ ದಿನ, ಇಲ್ಲದ ಯಂತ್ರವೊಂದರ ಬಾಗಿಲು ಬಡಿಯುತ್ತ ಕೂತಿತ್ತು.

ಟಿಕ್ ತೆಗೆದೆ. ಪಾಸ್‌ವರ್ಡ್ ಕೇಳಲಿಲ್ಲ. ನೆಟ್ ಬಂತು.

ಪಾಳಿಯನ್ನು ಕರೆದೆ. ಉಳಿದ ಹೊತ್ತಿನಲ್ಲಿ ಬೆರಳು ನೋಯುವ ತನಕ ಹೆಸರು ತುಂಬಿದೆ. ಸಂಜೆ ಪುಟ ಮುಚ್ಚಿದಾಗ ಆ ಹೆಣ್ಣುಮಗಳ ಮುಂದೆ ಇನ್ನೂ ಬಹಳ ಜನ ಇದ್ದರು. ಆಕೆ ಚೀಲ ಮಡಚಿ ಸೆರಗಿನಲ್ಲಿ ಸಿಕ್ಕಿಸಿಕೊಂಡು ಎದ್ದಳು. ನನ್ನ ಕಡೆ ನೋಡಲಿಲ್ಲ.

ಕಾರ್ಯದರ್ಶಿಗಳು ಊಟ ಮುಗಿಸಿ ಬಂದಾಗಲೇ ನೆಟ್ ಬಂದದ್ದು ನೋಡಿ ಹಿಗ್ಗಿದ್ದರು.

"ನೋಡಿದ್ರೇನು? ಮುಂಜಾನಿ ಬೈದದ್ದಕ್ಕ ಅಲ್ಲಿಂದ್ಲೇ ಸಮ ಮಾಡ್ಯಾರ. ಇವರಿಗೆ ಬಾಯಿ ಮಾತು ಹತ್ತಂಗಿಲ್ರಿ ರಾಯರ, ಬೈಗುಳ ಬೇಕು. ಲೈನ್‌ದಾಗೇ ಇತ್ತಿಲ್ಲೋ?"

ಬಾಗಿಲಲ್ಲಿ ಪಾಳಿ ನಿಂತಿತ್ತು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು.

"ಹೌದ್ರಿ ಸಾಹೇಬ್ರ, ಲೈನ್‌ದಾಗೇ ಇತ್ತು."

ಮರುದಿನ ಹೇಳಿದರಾಯಿತು ಎಂದುಕೊಂಡಿದ್ದೆ. ಮರುದಿನ ಕಾರ್ಯದರ್ಶಿಗಳು ಬಂದು, ಹೆಸರು ಬಿಟ್ಟುಹೋದ ರೈತರು ಗಲಾಟೆ ಮಾಡುತ್ತಿದ್ದಾರೆ, ಮೇಲಿನವರಿಗೆ ಉತ್ತರ ಕೊಡಬೇಕು, ಗುತ್ತಿಗೆದಾರರಿಗೆ ದೂರು ಹೋಗಲಿ ಎಂದರು. ಅವರು ಹೇಳಿದರು, ನಾನು ಟೈಪ್ ಮಾಡಿದೆ. ಲೈನ್‌ಮನ್‌ನ ಬೇಜವಾಬ್ದಾರಿ ಎಂದು ಬರೆದೆ. ಕೆಟ್ಟ ಲೈನನ್ನು ಸರಿ ಇದೆ ಎಂದು ಸುಳ್ಳು ಹೇಳಿದ ಎಂದೂ ಬರೆದೆ. ಒಂದು ಕಡೆ ಅಕ್ಷರ ತಪ್ಪಿತ್ತು, ಅದನ್ನೂ ತಿದ್ದಿದೆ. ಗುಂಡಿ ಒತ್ತಿದ ಕೂಡಲೇ ಇಮೇಲ್ ಹೋಯಿತು, ಅವನು ಗುಂಡಿಯಲ್ಲಿ ಕೂತು ಜೋಡಿಸಿದ ಅದೇ ಎಳೆಯ ಮೇಲೆ.

ಗುತ್ತಿಗೆದಾರರು ಅವನಿಂದ ಮೀಟರನ್ನೂ ಜೋಡಿಸುವ ಯಂತ್ರವನ್ನೂ ವಾಪಸ್ ತೆಗೆದುಕೊಂಡರೆಂದು ವಾರದೊಳಗೆ ಕೇಳಿದೆ. ಕೇಳಿ ಸುಮ್ಮನಿದ್ದೆ. ಎಂಜಿನಿಯರರು ಬಂದು ಹೋದರು. ಎಲ್ಲ ಸರಿ ಇದೆಯಲ್ಲ ಎಂದು ಚಹಾ ಕುಡಿದರು. ಅವರಿಗೂ ಹೇಳಲಿಲ್ಲ. ಬೇಸಿಗೆ ಹಾಗೇ ಕಳೆಯಿತು.

ಮಳೆ ಹಿಡಿಯುವ ಮುಂಚೆ ಆ ಹೆಣ್ಣುಮಗಳು ಗೊಬ್ಬರಕ್ಕೆ ಬಂದಳು. ಚೀಟಿ ಬರೆಯುತ್ತ, ಕೇಳಬಾರದೆಂದುಕೊಂಡೇ ಕೇಳಿದೆ.

"ನಿಮ್ಮ ಓಣಿ ಲೈನ್‌ಮನ್ ಎಲ್ಲಿದ್ದಾನ ಯವ್ವಾ?"

"ಶಹಾಬಾದದಾಗ ಫರಸಿ ಕಲ್ಲು ಹೊರಾಕತ್ತಾನ. ಯಾರೂ ಲೈನಿನ ಕೆಲಸ ಕೊಡವಲ್ರು. ಸುಳ್ಳ ಅಂತ ಹೆಸರು ಬಿತ್ತಲ್ಲ."

"ಏನಂತಾನ?"

"ಏನಂತಾನ? ಕುಡದ್ರ ಅತ್ತು, ಕುಡೀದಿದ್ರ ಸುಮ್ಮನ ಕುಂತು, ಒಂದೇ ಮಾತು ಅಂತಾನ. ಲೈನ್ ಸಮ ಇತ್ತು, ಲೈನ್ ಸಮ ಇತ್ತು. ಕಟ್ಟಿಕೊಂಡಾಕೀನೂ ಈಗ ನಂಬಂಗಿಲ್ಲ. ಸುಮ್ಮನಿರ್ರಿ, ಮಂದಿ ನಗ್ತಾರ ಅಂತಾಳ."

ಚೀಟಿ ಹರಿದು ಕೊಟ್ಟೆ. ಅದರ ಮೇಲೆ ಏನು ಬರೆದೆನೋ ನೆನಪಿಲ್ಲ. ಆಕೆ ತಿರುಗಿ ಬಂದು, ಇದು ಬೇರೆ ಯಾರದೋ ಹೆಸರು ಎಂದು ಇನ್ನೊಂದು ಬರೆಸಿಕೊಂಡು ಹೋದಳು.

ಮೊದಲು ನಾನು ಕಾರ್ಯದರ್ಶಿಗಳಿಗೆ ಹೇಳಬೇಕಿತ್ತು. ಧೈರ್ಯವಾಗಲಿಲ್ಲ. ವಾಡಿಗೆ ಹೋಗಿ ಗುತ್ತಿಗೆದಾರರಿಗೆ ಹೇಳಿದೆ. ಅವರು ಊಟದ ಡಬ್ಬಿ ತೆರೆದುಕೊಂಡೇ ಕೇಳಿದರು.

"ಅಂದ್ರ, ಅವನ ತಪ್ಪು ಇದ್ದಿಲ್ಲ?"

"ಇದ್ದಿಲ್ರಿ."

"ಆಗ ಯಾಕ ಹೇಳ್ಲಿಲ್ಲ?"

ಡಬ್ಬಿಯ ಮುಚ್ಚಳ ಹಾಕಿ ಅವರೇ ಮುಂದುವರಿದರು.

"ಈಗ ಬ್ಯಾರೆ ಮನಷ್ಯಾನ್ನ ಇಟ್ಟೀವಿ. ಅವಗೂ ಹೆಂಡ್ತಿ ಮಕ್ಕಳು ಅದಾರ. ಅವನ್ನ ತಗದು ಇವನ್ನ ಇಡ್ಲೇನು? ನೀವು ಹಿರಿಯರು, ನೀವೇ ಹೇಳ್ರಿ." ಆಮೇಲೆ ನನ್ನ ಮುಖ ನೋಡಿ, "ಜಾಗ ಖಾಲಿ ಆದ್ರ ನೋಡೋಣ್ರಿ" ಎಂದರು. ಇದನ್ನು ಬರೆಯುವ ಹೊತ್ತಿಗೂ ಅವರು ಅವನನ್ನು ಕರೆದಿಲ್ಲ.

ವಾಡಿಯಿಂದ ಅದೇ ದಿನ ಶಹಾಬಾದಿಗೆ ಹೋದೆ. ಫರಸಿ ಪಾಲಿಶ್ ಮಾಡುವ ಕಾರ್ಖಾನೆಯ ಅಂಗಳದಲ್ಲಿ ಕಲ್ಲುಚಪ್ಪಡಿಗಳನ್ನು ಲಾರಿಗೆ ಏರಿಸುತ್ತಿದ್ದರು. ಬಿಳಿ ಕೆಸರಿನಲ್ಲಿ ಎಲ್ಲರೂ ಒಂದೇ ಬಣ್ಣವಾಗಿದ್ದರು. ಅವನೇ ನನ್ನನ್ನು ಮೊದಲು ನೋಡಿದ. ಚಪ್ಪಡಿ ಇಳಿಸಿ ಬಂದ. ಎರಡೂ ಕೈಗಳ ಬೆರಳ ತುದಿಗಳಿಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿಕೊಂಡಿದ್ದ.

ನಾನು ಹೇಳಿದೆ. ಶಾಲೆಯ ತಂತಿ, ಟಿಕ್ಕು, ಕಾರ್ಯದರ್ಶಿಗಳ ಖಾತೆ, ದೂರು ಟೈಪ್ ಮಾಡಿದ್ದು, ಎಲ್ಲ. ನನ್ನ ಮಾತು ಮುಗಿದ ಮೇಲೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವನು ಕೈ ಎತ್ತಿ ತಡೆದ.

"ಅದೆಲ್ಲ ಇರ್ಲಿ. ಆ ಟಿಕ್ ನನಗ ತೋರಸ್ರಿ."

"ತೋರಸೋದೇನು, ಬಾಯಿಲೇ ಹೇಳಿದೆನಲ್ಲ..."

"ಹಂಗಲ್ರಿ. ಕಣ್ಣಿಲೆ ನೋಡ್ಬೇಕು. ಅದೇ ಮಷಿನ್‌ದಾಗ, ಅದೇ ಕುರ್ಚಿ ಮ್ಯಾಲೆ ಕುಂತು."

ಅವನ ರಜೆಯ ದಿನ ಬಂದ. ಸಂಘದಲ್ಲಿ ಬೀಜಕ್ಕೆ ಬಂದ ಹತ್ತಾರು ಜನ ಇದ್ದರು. ಅವನು ಬೇಕೆಂದೇ ಜನ ಇರುವ ಹೊತ್ತು ನೋಡಿ ಬಂದನೋ ಏನೋ. ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿದ್ದ. ನಾನು ಎದ್ದು ಕುರ್ಚಿ ಎಳೆದು ಕೊಟ್ಟೆ.

"ಬರ್ರಿ, ಕುಂದ್ರಿ."

"ಈಗ 'ರೀ' ಹಚ್ಚಬ್ಯಾಡ್ರಿ ರಾಯರ. ತೋರಸ್ರಿ."

ಅವನು ಕೂತ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ನಾನು ಅವನ ಪಕ್ಕ ನಿಂತು, ಬಗ್ಗಿ, ಮೌಸ್ ಹಿಡಿದು ಸೆಟ್ಟಿಂಗ್ ತೆಗೆದೆ. ಶಾಲೆಯ ನಂಬರ್ ಅಲ್ಲಿ ಇನ್ನೂ ಇತ್ತು, ಟಿಕ್ ಮಾತ್ರ ಇರಲಿಲ್ಲ. ಟಿಕ್ ಹಾಕಿದೆ. ಪುಟ ಒತ್ತಿದೆ. ದಪ್ಪ ಅಕ್ಷರ ಬಂತು.

ಅವನು ಪರದೆಗೆ ಮುಖ ಹತ್ತಿರ ಒಯ್ದ. ದಪ್ಪ ಅಕ್ಷರದ ಕೆಳಗಿನ ಸಣ್ಣ ಸಾಲನ್ನು ಒಂದೊಂದೇ ಪದ ಹಿಡಿದು ಇಂಗ್ಲಿಷಿನಲ್ಲಿ ಓದಿದ. ಆಮೇಲೆ ಕನ್ನಡದಲ್ಲಿ ಹೇಳಿದ.

"ಪ್ರಾಕ್ಸಿಯಾಗ ಏನೋ ತಪ್ಪಾಗ್ಯದ, ನೋಡ್ಕೋ ಅಂತ ಬರದದಲ್ರಿ. ಇಲ್ಲೇ ಬರದದ. ಓದಿದ್ದಿಲ್ಲೇನ್ರಿ ನೀವು?"

"ಇಲ್ಲ."

"ಒಮ್ಮಿಯೂ?"

"ಇಲ್ಲ."

ಅವನು ಆ ಸಾಲಿನ ಮೇಲೆ ಇನ್ನೊಮ್ಮೆ ಕಣ್ಣಾಡಿಸಿದ. "ಇಷ್ಟೇ" ಎಂದ, ತನಗೆ ತಾನೇ.

ಅಷ್ಟರಲ್ಲಿ ಕಾರ್ಯದರ್ಶಿಗಳು ಒಳಗೆ ಬಂದರು. ಕುರ್ಚಿಯಲ್ಲಿ ಕೂತವನನ್ನು ನೋಡಿ ಬಾಗಿಲಲ್ಲೇ ನಿಂತರು.

"ಇವನ್ಯಾಕ ಇಲ್ಲಿ ಕುಂತಾನ? ರಾಯರ, ಏನ್ ನಡದದ ಇದು?"

ಬೀಜದ ಚೀಲ ಹೊತ್ತವರು, ಹೊರಲಿದ್ದವರು ಎಲ್ಲರೂ ತಿರುಗಿದರು. ಆ ಹೆಣ್ಣುಮಗಳೂ ಅವರಲ್ಲಿದ್ದಳು. ಅವನು ಏಳಲಿಲ್ಲ. ನನ್ನ ಕಡೆ ಮಾತ್ರ ನೋಡಿದ.

"ಲೈನ್ ಸಮ ಇತ್ರಿ ಸಾಹೇಬ್ರ" ಎಂದೆ. ದನಿ ಸಣ್ಣದಾಗಿತ್ತು. ಇನ್ನೊಮ್ಮೆ ಹೇಳಿದೆ. "ತೊಗರಿ ಹಂಗಾಮಿನ್ಯಾಗ ಲೈನ್ ಸಮ ಇತ್ತು. ಇಂವ ಹೇಳಿದ್ದು ಖರೇ. ತಪ್ಪು ನನ್ನ ಖಾತೆದಾಗ ಇತ್ತು. ಕಡೀ ದಿನ ನನಗ ಗೊತ್ತಾತು. ಗೊತ್ತಾಗಿ ನಾನೇ ದೂರು ಟೈಪ್ ಮಾಡೀನಿ."

ಯಾರೂ ನಗಲಿಲ್ಲ. ಹೆಣ್ಣುಮಗಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು "ನನ್ನ ತೊಗರಿ?" ಎಂದಳು.

ಕಾರ್ಯದರ್ಶಿಗಳ ಮುಖ ಕಪ್ಪಾಯಿತು. "ಮಂದಿ ಮುಂದ ಇದೇನ್ ಹಚ್ಚೀರಿ ರಾಯರ? ಒಳಗ ಹೇಳೂ ಮಾತು ಇದು. ನಾಳಿಯಿಂದ ಬರಬ್ಯಾಡ್ರಿ ನೀವು" ಎಂದು ಹೊರಗೆ ಹೋದರು.

ಅವನು ಕುರ್ಚಿಯಿಂದ ಎದ್ದ. ಪರದೆಯ ಮೇಲೆ ಟಿಕ್ ಹಾಗೇ ಇತ್ತು. ನಾನು ಮೌಸನ್ನು ಅವನ ಕಡೆ ಸರಿಸಿದೆ.

"ನೀನೇ ತಗಿಯಪ್ಪಾ ಅದನ್ನ. ನಿನ್ನ ಕೈಲೇ ಆಗ್ಲಿ."

ಅವನು ಮೌಸ್ ನೋಡಿದ, ತನ್ನ ಬೆರಳು ನೋಡಿಕೊಂಡ.

"ಬ್ಯಾಡ್ರಿ ರಾಯರ. ನಾ ಮುಟ್ಟಿದ್ರ, ನಾಳಿ ಮತ್ತೇನರ ಕೆಟ್ಟ್ರ ನನ್ನ ಮ್ಯಾಲೇ ಬರತದ. ನೀವೇ ತಗೀರಿ."

ನಾನು ಕೂತೆ. ಎಲ್ಲರೂ ನೋಡುತ್ತಿದ್ದರು. ಬಾಣದ ಗುರುತನ್ನು ಚೌಕದ ಮೇಲೆ ತಂದೆ. ಟಿಕ್ ತೆಗೆದೆ. ಯಾವ ಪಾಸ್‌ವರ್ಡನ್ನೂ ಕೇಳದೆ ಪುಟ ಬಂತು.

ಬಂತು ನೋಡು ಎಂದು ಹೇಳಲು ತಿರುಗಿದೆ. ಅವನು ಅಂಗಳ ದಾಟಿ ರಸ್ತೆಗೆ ಇಳಿದಿದ್ದ.